ಟ್ರಿಪ್ಪು ತಪ್ಪಿಸದ ಹಾರ್ಡ್ ಡಿಸ್ಕು

"ಈ ಮನೆಗೆ ಸಿಡಿಲು ಬಡೀಲಿ, ಬೆಂಕಿ ಬೀಳ್ಲಿ, ಕಡಲೇ ಉಕ್ಕಿ ಅಡುಗೆಮನೆಗೆ ನುಗ್ಗಲಿ. ನಿನ್ನ ಪುಸ್ತಕದ ಒಂದು ಕೊಂಬೂ ಕೊಂಕೋದಿಲ್ಲ!" ಎಂದು ಯಜಮಾನರು ಹೆಂಡತಿಗೆ ಅಭಯ ಕೊಟ್ಟಿದ್ದರು.

ಅವರು ಬಸ್ ಡಿಪೋದಲ್ಲಿ ಟೈಮ್‌ಕೀಪರ್ ಆಗಿ ನಿವೃತ್ತರಾದವರು. ಅವರ ಗಡಿಯಾರ ನೋಡಿಕೊಂಡೇ ಸೂರ್ಯ ಡ್ಯೂಟಿಗೆ ಬರುತ್ತಿದ್ದನೆಂದು ಪ್ರತೀತಿ (ಹಬ್ಬಿಸಿದವರೂ ಅವರೇ). ಹೆಂಡತಿ ಆಸ್ಪತ್ರೆಯಲ್ಲಿ ದಾದಿಯಾಗಿದ್ದವರು. ವರ್ಷಗಟ್ಟಲೆ ಕೂತು ಎಳೆಗೂಸುಗಳ ಆರೈಕೆಯ ಬಗ್ಗೆ ಒಂದು ಪುಸ್ತಕವನ್ನು ಕಂಪ್ಯೂಟರಿನಲ್ಲಿ ಬರೆದು ಮುಗಿಸಿದ್ದರು. ಆ ವಾರವೇ ಅದು ಅಚ್ಚಿಗೆ ಹೋಗಬೇಕು.

ಪುಸ್ತಕದ ರಕ್ಷಣೆಗೆಂದು ಯಜಮಾನರು ಎರಡು ಹಾರ್ಡ್ ಡಿಸ್ಕ್ ತಂದಿದ್ದರು: ಒಂದು ಕೆಂಪು, ಒಂದು ನೀಲಿ. ಒಂದು ಮನೆಯಲ್ಲಿದ್ದರೆ ಇನ್ನೊಂದು ಹೆಂಡತಿಯ ತಮ್ಮನ ಮನೆಯಲ್ಲಿ. ಪ್ರತಿ ಭಾನುವಾರ ಅದಲುಬದಲು. ಕೆಂಪನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು, ಯುವರಾಜನನ್ನು ಪಟ್ಟಾಭಿಷೇಕಕ್ಕೆ ಒಯ್ಯುವಂತೆ ಒಯ್ಯುವರು; ನೀಲಿಯನ್ನು ಅದೇ ಮರ್ಯಾದೆಯಿಂದ ಕರೆತರುವರು. ಜ್ವರ ಬಂದರೂ ಟ್ರಿಪ್ಪು ತಪ್ಪಿಸಿದವರಲ್ಲ. ಹೆಂಡತಿ ಹತ್ತಿರ ಸುಳಿದರೆ, "ಮುಟ್ಟಬೇಡ ಕಣೇ, ಇದಕ್ಕೊಂದು ಶಿಸ್ತಿದೆ" ಎಂದು ಗದರುವರು.

ಮಂಗಳವಾರ ಕಂಪ್ಯೂಟರ್ ಒಮ್ಮೆ ಬಿಕ್ಕಿ ಕಣ್ಣು ಮುಚ್ಚಿತು. ರಿಪೇರಿಯವನು ಬಿಚ್ಚಿ ನೋಡಿ, "ಒಳಗೆಲ್ಲಾ ಸುಟ್ಟುಹೋಗಿದೆ ಸಾರ್, ಏನೂ ಸಿಗಲ್ಲ" ಎಂದ. ಹೆಂಡತಿಯ ಮುಖ ಬಿಳಿಚಿತು. ಯಜಮಾನರ ಮುಖವೋ, ತಮ್ಮ ಮದುವೆಯ ದಿನವೂ ಅಷ್ಟು ಅರಳಿರಲಿಲ್ಲ.

"ನಿನ್ನ ಲ್ಯಾಪ್‌ಟಾಪಿಗೆ ಹಾಕಪ್ಪ ನೀಲಿ!"

ಹಾಕಿದ. ಖಾಲಿ.

"ಇದ್ಯಾಕೋ ಮುನಿಸ್ಕೊಂಡಿದೆ. ಇರು, ಕೆಂಪು ತರ್ತೀನಿ" ಎಂದು ಯಜಮಾನರು ಚಪ್ಪಲಿ ಎಡಬಲ ಮೆಟ್ಟಿ ಓಡಿದರು. ಕೆಂಪಿನ ಜೊತೆ, ಏನಾಯಿತೆಂದು ತಿಳಿಯದೆ ಹೆಂಡತಿಯ ತಮ್ಮನೂ ಓಡಿಬಂದ. ಕೆಂಪೂ ಖಾಲಿ.

"ಕಾಪಿ ಯಾವಾಗ ಮಾಡ್ತಿದ್ರಿ ಸಾರ್?"

"ಮಾಡೋದೇನು? ವೈರು ಸಿಕ್ಕಿಸ್ತಿದ್ದೆ. ಅದರ ದೀಪ ಜಗಜಗ ಅಂತ ಉರೀತಿತ್ತಲ್ಲ!"

"ಅದು ಕರೆಂಟ್ ಬಂದಿದೆ ಅನ್ನೋ ದೀಪ. ಕಾಪಿ ನಾವೇ ಮಾಡ್ಬೇಕು ಸಾರ್."

ಅಂದರೆ ಇಷ್ಟು ಕಾಲ ಯಜಮಾನರು ಒಂದು ನಿಮಿಷವೂ ತಡಮಾಡದೆ ಓಡಿಸಿದ್ದು ಖಾಲಿ ಬಸ್ಸು. ಪ್ರಯಾಣಿಕರು ಹತ್ತಿಯೇ ಇರಲಿಲ್ಲ!

"ಹೋಯ್ತು, ಎಲ್ಲಾ ಹೋಯ್ತು" ಎಂದು ಹೆಂಡತಿ ಕುಸಿದು ಕೂತರು.

"ಏನಕ್ಕ ಹೋಗಿದ್ದು, ಪುಸ್ತಕಾನಾ?" ಎಂದ ತಮ್ಮ. "ತಪ್ಪು ತಿದ್ದೋಕೆ ಅಂತ ಒಂದೊಂದೇ ಅಧ್ಯಾಯ ನನಗೆ ಮೇಲ್ ಮಾಡ್ತಿದ್ದೆಯಲ್ಲ? ಕೊನೇದೂ ಬಂದಿದೆ. ಎಲ್ಲಾ ನನ್ನ ಹತ್ರ ಭದ್ರವಾಗಿದೆ."

"ಅಯ್ಯೋ, ಗಾಬರೀಲಿ ಮರೆತೇ ಹೋಗಿತ್ತು ಕಣೋ!"

ಯಜಮಾನರು ಕೂಡಲೇ ಎದೆ ಸೆಟೆಸಿದರು. "ನೋಡಿದ್ಯಾ? ಇನ್ನೊಂದು ಪ್ರತಿ ನಿನ್ನ ತಮ್ಮನ ಮನೇಲೇ ಇರ್ಬೇಕು ಅಂತ ಯೋಜನೆ ಹಾಕಿದೋನು ಯಾರು?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದರು.

"ನೀವೇ. ಅದಕ್ಕೇ ಇನ್ನು ಮೇಲೆ ಡಿಸ್ಕು ಎರಡೂ ಇಲ್ಲೇ ಇರ್ಲಿ, ವಾರ ಬಿಟ್ಟು ವಾರ ನೀವು ಅವನ ಮನೇಲಿರಿ. ಎರಡನೇ ಪುಸ್ತಕ ಬರೆಯೋಕೆ ನನಗೂ ಒಂದಿಷ್ಟು ಜಾಗ ಖಾಲಿಯಾಗುತ್ತೆ."