ಕಬಡ್ಡಿ ಗೊತ್ತಿಲ್ಲದ ಅಶ್ವಿತ್

ಕೆಟ್ಟದ್ದು ಎಡ ಮೊಣಕಾಲೊಂದೇ. ಆದರೆ ಅದರ ಜೊತೆಗೆ ಸಿದ್ಧಕಟ್ಟೆಯ ಅಶ್ವಿತನ ಬದುಕೇ ಕುಂಟತೊಡಗಿತ್ತು. ಮೂಡುಬಿದಿರೆಯ ಕಾಲೇಜಿನಲ್ಲಿ ಮೂರು ವರ್ಷ ಕಬಡ್ಡಿ ಹುಲಿಯಾಗಿ ಮೆರೆದವನಿಗೆ ಡಾಕ್ಟರು, "ಇನ್ನು ಅಂಕಣಕ್ಕೆ ಇಳಿದರೆ ಊರುಗೋಲೇ ಗತಿ" ಎಂದುಬಿಟ್ಟಿದ್ದರು. ಊರವರಿಗೆ ಮಾತ್ರ ಅವನು ಈಗಲೂ 'ರೈಡರ್'. ಹೇಗಾದರೂ ಮಾಡಿ ನಾಲ್ಕು ಜನರ ಬಾಯಲ್ಲಿ 'ಕ್ಲಾರ್ಕ್ ಅಶ್ವಿತ್' ಅನ್ನಿಸಿಕೊಳ್ಳಬೇಕೆಂದು ಅವನಿಗೆ ಹಟ.

ಬಂಟ್ವಾಳದ ಸಹಕಾರಿ ಸಂಘವೊಂದರ ಸಂದರ್ಶನಕ್ಕೆ ಹೊರಟಾಗ ಪಕ್ಕದ ಮನೆಯ ಜತ್ತಪ್ಪಣ್ಣ ಬೇಲಿ ದಾಟಿಯೇ ಬಂದರು.

"ಕಬಡ್ಡಿಯ ಸುದ್ದಿಯೇ ಎತ್ತಬೇಡ ಮಾರಾಯ. ಆಟದವರು ರಜೆ ಹಾಕ್ತಾರೆ ಅಂತ ಆಫೀಸಿನವರಿಗೆ ಹೆದರಿಕೆ ಉಂಟು" ಎಂದು ಫೈಲಿನೊಳಗಿದ್ದ ಆಟದ ಸರ್ಟಿಫಿಕೇಟುಗಳನ್ನೆಲ್ಲ ತಾವೇ ಎಳೆದಿಟ್ಟುಕೊಂಡರು.

ಬಸ್ಸಿನ ಕಂಡಕ್ಟರ್ ಹನೀಫಾ ಸುಮ್ಮನಿರಬೇಕಲ್ಲ! ಸಂಘದ ಬಾಗಿಲಲ್ಲೇ ಬಸ್ ನಿಲ್ಲಿಸಿ, "ಗೆದ್ದೇ ಬನ್ನಿ ರೈಡರೇ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಕಿಟಕಿಯಲ್ಲಿ ಸಂಘದ ಕಾರ್ಯದರ್ಶಿ ಸ್ವರ್ಣಲತಾ ಮೇಡಂ ನಿಂತಿದ್ದರು. "ಯಾರಿಗೆ ಹೇಳಿದ್ದು ಅವರು?"

"ಹಿಂದೆ ಬಂದ ಬೈಕಿನವರಿಗಿರಬೇಕು ಮೇಡಂ."

ಒಳಗೆ ಜವಾನ ಹಸನಬ್ಬ ತಂದಿಟ್ಟ ಚಹಾದ ಗ್ಲಾಸು ಮೇಜಿನಿಂದ ಜಾರಿತು. ದರಿದ್ರದ ಅಭ್ಯಾಸ! ಅಶ್ವಿತ್ ಕುರ್ಚಿಯಿಂದ ಹಾರಿ, ನೆಲ ಮುಟ್ಟುವ ಮೊದಲೇ ಅದನ್ನು ಹಿಡಿದುಬಿಟ್ಟ. ಮೊಣಕಾಲು ಕಟಕ್ಕೆಂದಿತು. ಹಲ್ಲು ಕಚ್ಚಿಕೊಂಡೇ ನಕ್ಕ.

ಮೇಡಂ ಕಣ್ಣು ಕಿರಿದು ಮಾಡಿದರು. "ಕಬಡ್ಡಿ ಆಡ್ತೀರಾ?"

"ಅಯ್ಯೋ ಇಲ್ಲ! ಯಾರಾದರೂ ಮೈ ಮುಟ್ಟಿದರೇ ನನಗೆ ಕಚಗುಳಿ. ಗ್ಲಾಸು ಒಡೆದರೆ ಅಮ್ಮ ಬಿಡುವುದಿಲ್ಲ ಮೇಡಂ, ಆ ಹೆದರಿಕೆಯಲ್ಲಿ ಕಲಿತದ್ದು."

"ಒಮ್ಮೆಯೂ ಆಡಿಲ್ಲ?"

"ದೇವರಾಣೆಗೂ ಇಲ್ಲ."

"ಹಾಗಾದರೆ ನಾಳೆಯೇ ಬನ್ನಿ. ಕೆಲಸ ನಿಮಗೇ."

ಅಶ್ವಿತ್ ಸಂತೋಷದಲ್ಲಿ ಎದ್ದು ನಿಂತು ಕೈ ಮುಗಿದ. ಕಡೆಗೂ ಕಾಲನ್ನಲ್ಲ, ತಲೆಯನ್ನು ನೋಡಿ ಯಾರೋ ಕೆಲಸ ಕೊಟ್ಟಿದ್ದರು.

"ಬರುವ ಆದಿತ್ಯವಾರ ನಮ್ಮ ವಾರ್ಷಿಕೋತ್ಸವ" ಎಂದರು ಮೇಡಂ. "ಸಿಬ್ಬಂದಿಗೂ ನಿರ್ದೇಶಕರಿಗೂ ಕಬಡ್ಡಿ ಉಂಟು. ಹೋದ ವರ್ಷ ನಮ್ಮ ಕ್ಲಾರ್ಕ್, ಆಟ ಬಲ್ಲವನು, ಅಧ್ಯಕ್ಷರನ್ನೇ ಔಟ್ ಮಾಡಿಬಿಟ್ಟ. ಈಗ ಎತ್ತಂಗಡಿಯಾಗಿ ದೂರದ ನಾರಾವಿ ಶಾಖೆಯಲ್ಲಿದ್ದಾನೆ. ಅದಕ್ಕೇ, ಆಟದ ಗಂಧವೇ ಇಲ್ಲದೆ ಅಧ್ಯಕ್ಷರ ಕೈಗೆ ಚಂದಕ್ಕೆ ಸಿಕ್ಕಿಬೀಳುವವರು ಒಬ್ಬರು ಬೇಕಿತ್ತು."

ಅಶ್ವಿತನ ಬಾಯಿಂದ ಆ ದಿನದ ಮೊದಲ ಸತ್ಯ ಹೊರಬಿತ್ತು. "ಮೇಡಂ, ನನ್ನ ಮೊಣಕಾಲು ಹೋಗಿದೆ! ಓಡಲಿಕ್ಕೂ ಆಗುವುದಿಲ್ಲ!"

"ಹೌದಾ? ಇನ್ನೂ ಒಳ್ಳೆಯದಾಯ್ತು" ಎಂದು ಮೇಡಂ ಬಾಗಿಲ ಕಡೆ ತಿರುಗಿದರು. "ಹಸನಬ್ಬ, ಇವರ ಜರ್ಸಿಗೆ ಅಳತೆ ತಗೊಳ್ಳಿ. ಮೊದಲ ರೈಡ್ ಇವರದ್ದೇ."