ಫೋನ್ ಬಿಲ್ಲಿನ ಕರೆಯದ ನೆಂಟರು

ಬಿಲ್ಲಿನಲ್ಲಿ ಈ ನೆಂಟರಿಗೆ ‘ಮೌಲ್ಯ’ ಅಂತ ಶುರುವಾಗುವ ಒಂದು ಹೆಸರಿದೆ. ಮೌಲ್ಯಮಾಪನ ಅಲ್ಲ, ಅದು ಮೊಮ್ಮಗಳ ಪರೀಕ್ಷೆಯದು. ಮೌಲ್ಯ... ಮೌಲ್ಯವರ್ಧಿತ ಸೇವೆ. ಹಾಂ, ಸಿಕ್ಕಿತು. ಕಂಡು ಕೇಳರಿಯದ ಯಾವುದೋ ಕಂಪನಿ ನಮಗೆ ಏನನ್ನೋ ಕಳಿಸುತ್ತದೆ, ಅದರ ದುಡ್ಡು ನಮ್ಮ ಮೊಬೈಲ್ ಬಿಲ್ಲಿನಲ್ಲಿ ಬಂದು ಕೂರುತ್ತದೆ. ವಿದ್ಯಾರಣ್ಯಪುರದ ನಮ್ಮ ಬೀದಿಯಲ್ಲಿ ತಿಂಗಳಿಗೆ ಒಬ್ಬರಿಗಾದರೂ ಇದು ಆಗುತ್ತಲೇ ಇರುತ್ತದೆ. ಮೊದಲು ಆದದ್ದು ನನಗೇ.

೧. ಮೂರನೇ ಸಲ

ನಮ್ಮ ಬಾಗಲಕೋಟೆ ಕಡೆ ಯಾರಾದರೂ ಚಹಾ ಕುಡಿಯಿರಿ ಅಂದರೆ ಎರಡು ಸಲ ಒಲ್ಲೆ ಅನ್ನಬೇಕು. ಮೂರನೇ ಸಲವೂ ಒಲ್ಲೆ ಅಂದರೆ ಸೊಕ್ಕು ಅಂತಾರೆ. ಬೆಂಗಳೂರಿಗೆ ಬಂದು ಮೂವತ್ತು ವರ್ಷವಾದರೂ ನನಗೆ ಈ ಅಭ್ಯಾಸ ಹೋಗಿಲ್ಲ. ಒಂದು ದಿನ ಫೋನಿನಲ್ಲಿ ಒಬ್ಬ ಹುಡುಗಿ, ‘ಕ್ರಿಕೆಟ್ ಸುದ್ದಿ ಬೇಕಾದರೆ ಒಂದು ಒತ್ತಿ’ ಅಂದಳು. ಬ್ಯಾಡವಾ ಅಂದು ಇಟ್ಟೆ. ಮರುದಿನ ಮತ್ತೆ ಮಾಡಿದಳು. ಮೂರನೇ ದಿನವೂ ಅದೇ ನಗುನಗುತ್ತಾ ಕೇಳುವ ದನಿ. ಪಾಪ ಅನ್ನಿಸಿ ಒಂದು ಒತ್ತಿದೆ.

ಮನೆಯ ಮೂರು ನಂಬರಿಗೂ ಒಂದೇ ಬಿಲ್ಲು, ಕಟ್ಟುವವನು ಮಗ. ಆಫೀಸಿನಲ್ಲಿ ಪ್ರಿಂಟ್ ತೆಗೆದು ಹಿಡಿದುಕೊಂಡು ಬಂದ.

‘ಅಮ್ಮ, ಕ್ರಿಕೆಟ್ಟಿಗೆ ತೊಂಬತ್ತೊಂಬತ್ತು ರೂಪಾಯಿ. ಯಾಕೆ ಒತ್ತಿದೆ?’

‘ಆಕಿ ಮೂರು ಸಲ ಕೇಳಿದ್ಲೋ.’

‘ಅದು ರೆಕಾರ್ಡಿಂಗ್ ಅಮ್ಮ. ಇನ್ನೊಂದ್ ಸಲ ಹಿಂಗಾದ್ರೆ ಈ ಫೋನ್ ಬೇಡ, ಬಟನ್ ಫೋನ್ ಕೊಡಿಸ್ತೀನಿ.’

ಊರಲ್ಲಿರುವ ನನ್ನ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ದಿನಾ ಸಂಜೆ ವಿಡಿಯೋದಲ್ಲಿ ನನ್ನ ತುಟಿ ನೋಡಿಯೇ ಅವಳು ಮಾತಾಡುವುದು. ಬಟನ್ ಫೋನಿಗೆ ತುಟಿ ಎಲ್ಲಿಂದ ತರಲಿ?

೨. ಕ್ರಿಕೆಟ್ ಬಿಡಿಸಿದ್ದು

ಮೊಮ್ಮಗಳು ದೂರಿನ ನಂಬರ್ ಹಚ್ಚಿಕೊಟ್ಟಳು. ಅತ್ತ ಕಡೆಯ ಹುಡುಗ ಕ್ರಿಕೆಟ್ ನಿಲ್ಲಿಸಿದ. ನಿಲ್ಲಿಸಿದವನೇ, ‘ಮೇಡಂ, ಇದರ ಬದಲು ಭಕ್ತಿಗೀತೆ ಹಾಕ್ಲಾ? ಅರ್ಧ ರೇಟು’ ಅಂದ.

‘ಒಲ್ಲೆಪಾ.’

‘ಮೊದಲ ವಾರ ಫ್ರೀ, ಮೇಡಂ.’

‘ಒಲ್ಲೆ.’

‘ಮೇಡಂ, ಅದೂ...’

ಮೂರನೆಯದು ಅವನ ಬಾಯಿಂದ ಬರುವ ಮೊದಲೇ ಫೋನ್ ಇಟ್ಟುಬಿಟ್ಟೆ. ನನ್ನ ಮೇಲೆ ನನಗೇ ಭರವಸೆ ಇರಲಿಲ್ಲ.

೩. ಪಕ್ಕದ ಮನೆಯ ಭವಿಷ್ಯ

ಅಂದಿನಿಂದ ಬೀದಿಗೆಲ್ಲ ನಾನೇ ತಜ್ಞೆ. ಪಕ್ಕದ ಮುಸ್ಲಿಮರ ಮನೆಯ ಚಿಕ್ಕಮ್ಮ, ನಮಗೆಲ್ಲ ಖಾಲಾ, ತಮ್ಮ ಫೋನ್ ತಂದರು. ದಿನಾ ಬೆಳಿಗ್ಗೆ ಹನ್ನೆರಡೂ ರಾಶಿಯ ಭವಿಷ್ಯ ಬರುತ್ತದೆ, ವಾರವಾರ ದುಡ್ಡು ಕಟ್ ಆಗುತ್ತದೆ.

‘ಯಾರ್ ಕಳಿಸ್ತಾರೋ ಗೊತ್ತಿಲ್ಲ ಅಕ್ಕಾ. ನಮಗೆ ರಾಶಿನೇ ಇಲ್ಲ.’

ನಿಲ್ಲಿಸುವ ಸಂದೇಶ ಕಳಿಸಲು ಹೊರಟೆ. ಅವರು ಕೈ ಹಿಡಿದರು. ‘ತಡೀರಿ. ಈ ವಾರದ ದುಡ್ಡು ಹೋಗಾಯ್ತು. ನಿಮ್ದು ಯಾವ ರಾಶಿ?’

‘ಕನ್ಯಾ.’

ಕನ್ನಡಕ ಏರಿಸಿ ಓದಿದರು: ‘ಇಂದು ಅನಗತ್ಯ ಖರ್ಚುಗಳ ಬಗ್ಗೆ ಎಚ್ಚರ.’

ಕನ್ನಡಕ ತೆಗೆದು ಫೋನನ್ನು ನನ್ನ ಕೈಗೆ ಕೊಟ್ಟರು.

‘ಕೊನೆಗೂ ಒಂದ್ ನಿಜ ಹೇಳ್ದ,’ ಅಂದರು ಖಾಲಾ. ‘ಈಗ ನಿಲ್ಲಿಸಿ.’

೪. ಮೂರನೇ ಪುಟ

ಕಳೆದ ಭಾನುವಾರ ಮಗ ಬಿಲ್ಲಿನ ಜೊತೆಗೆ ಒಂದು ಬಟನ್ ಫೋನಿನ ಡಬ್ಬಿಯನ್ನೂ ತಂದು ಮೇಜಿನ ಮೇಲಿಟ್ಟ.

‘ಮತ್ತೆ ತೊಂಬತ್ತೊಂಬತ್ತು, ಅಮ್ಮ. ಇನ್ನು ಸಾಕು.’

ನಾನು ಏನೂ ಒತ್ತಿರಲಿಲ್ಲ. ಆದರೂ ಸಂಜೆ ಅಕ್ಕನಿಗೆ ಏನು ಹೇಳಲಿ ಅನ್ನುವ ಚಿಂತೆ ಹತ್ತಿತು. ‘ಬಿಲ್ ಇಲ್ಲೆ ಕೊಡು’ ಅಂದೆ. ಅವನು ಒಟ್ಟು ಮೊತ್ತ ನೋಡುತ್ತಾನೆ, ಅಷ್ಟೇ. ನಾನು ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ ಸಾಲು ಸಾಲಿಗೂ ಬೆರಳಾಡಿಸಿದೆ. ಮೂರನೇ ಪುಟದಲ್ಲಿ ಸಿಕ್ಕಿತು: ‘ತೂಕ ಇಳಿಸಲು ದಿನಕ್ಕೊಂದು ಸಲಹೆ.’ ಅದರ ಮುಂದಿದ್ದ ನಂಬರ್ ನನ್ನದಲ್ಲ.

ಮೊಮ್ಮಗಳನ್ನು ಕರೆದು ತೋರಿಸಿದೆ. ಅವಳು ನಂಬರ್ ನೋಡಿದಳು. ಆಮೇಲೆ ಅಪ್ಪನ ಹೊಟ್ಟೆ ನೋಡಿದಳು.

‘ಪಪ್ಪಾ, ಇದು ನಿಮ್ದು.’

‘ನಾನೇನೂ ಒತ್ತಿಲ್ಲ ಕಣೇ. ಯಾವ್ದೋ ಜಾಹೀರಾತು ಬಂತು, ಮುಚ್ಚೋಕೆ ಹೋದೆ, ಅದೇ ಆನ್ ಆಗಿರ್ಬೇಕು.’

‘ಎಷ್ಟು ಸಲ ಕೇಳಿತ್ತಪಾ?’ ಅಂದೆ ನಾನು.

‘ಒಂದೇ ಸಲ.’

‘ನನಗ ಮೂರು ಸಲ ಕೇಳಬೇಕಾತು.’

ಮಗ ಡಬ್ಬಿ ಎತ್ತಿಕೊಂಡು, ಅಂಗಡಿಗೆ ವಾಪಸ್ ಕೊಟ್ಟು ಬರ್ತೀನಿ ಅಂತ ಎದ್ದ. ನಾನು ಅದನ್ನು ಅವನ ಕೈಯಿಂದ ತೆಗೆದು ಮೊಮ್ಮಗಳ ಮುಂದಿಟ್ಟೆ.

‘ಪೆನ್ನು ತಗೋವಾ. ಇದರ ಮ್ಯಾಲ ನಿಮ್ಮಪ್ಪನ ಹೆಸರು ಬರಿ. ದೊಡ್ಡ ಅಕ್ಷರದಾಗ.’