ಅವ್ವನಿಗೆ ನಾನು ಇತಿಹಾಸ ಕಲಿಸಿದ್ದು

ಗುಡಗೇರಿಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಇತಿಹಾಸ ಕಲಿಸಿ ನಿವೃತ್ತನಾದವನು ನಾನು. ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವ ಹುಡುಗರ ತಲೆಯಲ್ಲಿ ಇಡೀ ರಾಜವಂಶಗಳನ್ನು ತುಂಬಿದ್ದೇನೆ. ಅಂಥವನಿಗೆ ಎಂಬತ್ತೆರಡರ ಒಬ್ಬ ಅವ್ವನನ್ನು ಮೂರು ದಿನ ನೋಡಿಕೊಳ್ಳುವುದು ಯಾವ ಮಹಾ ಕೆಲಸ? ಹಾಗಂತ ತಿಳಿದಿದ್ದೆ.

ಅವ್ವನಿಗೆ ಎರಡು ವರ್ಷದಿಂದ ಮರೆವು. ಡಾಕ್ಟರು ಅದಕ್ಕೆ ಡಿಮೆನ್ಶಿಯಾ ಎಂದರು. ನನ್ನ ಹೆಂಡತಿ ಸುಮಿತ್ರಾ ಅಂಗನವಾಡಿ ಟೀಚರು. ಹಗಲು ಹೊತ್ತು ಅವ್ವನ ಆರೈಕೆಗೆ ನಮ್ಮ ಓಣಿಯ ಮಹಾದೇವಿ ಬರುತ್ತಾಳೆ. ಒಂದು ದಿನ ಆಕೆ ರಜೆ ಕೇಳಿದಳು.

“ಸರ, ಕುಂದಗೋಳದಾಗ ಮೂರ ದಿನ ತರಬೇತಿ ಐತ್ರಿ. ಮರವಿನ ಮಂದೀನ್ನ ಹೆಂಗ ನೋಡ್ಕೋಬೇಕಂತ ಕಲಸ್ತಾರಂತ. ಜಳಕಕ್ಕ ಕರದ್ರ ಆಯಿ ಹೊಡ್ಯಾಕ ಬರ್ತಾರ್ರಿ. ಏನ ಮಾಡ್ಬೇಕಂತ ನನಗ ತಿಳೀವಲ್ದು.”

“ಉಣಸೂದು, ಮಲಗಸೂದು. ಇದಕ್ಕೂ ತರಬೇತಿ ಬೇಕೇನ?” ಎಂದು ನಾನು ಗಟ್ಟಿಯಾಗಿ ನಕ್ಕೆ. ಮಹಾದೇವಿ ನಗಲಿಲ್ಲ.

“ಹೋಗಿ ಬರ್ಲಿ ಬಿಡ್ರಿ,” ಎಂದಳು ಸುಮಿತ್ರಾ. “ಆದ್ರ ನೀವ ಅತ್ತಿಗಿ ಪಾಠ ಮಾಡಾಕ ಹೋಗಬ್ಯಾಡ್ರಿ, ಕೈ ಮುಗೀತೀನಿ.”

ಹೆಂಡತಿಯ ಮಾತು ಕೇಳಿದ್ದರೆ ಈ ಬರಹಕ್ಕೆ ಅವಕಾಶವೇ ಇರುತ್ತಿರಲಿಲ್ಲ!

ಮೊದಲ ದಿನ ಹನ್ನೆರಡರವರೆಗೆ ನನ್ನ ಆಡಳಿತ ಸುಸೂತ್ರವಾಗಿ ನಡೆಯಿತು. ಆಮೇಲೆ ಅವ್ವ ಅಡುಗೆಮನೆಗೆ ಹೋಗಿ, ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಬಟ್ಟೆಯಲ್ಲಿ ಕಟ್ಟಿಕೊಂಡು ಬಾಗಿಲಿಗೆ ಬಂದಳು.

“ಎಲ್ಲಿ ಹೊಂಟಿ ಬೇ?”

“ಹೊಲಕ್ಕ. ಹೊತ್ತಾತು, ಅವರು ಹಸಕೊಂಡ ಕುಂತಿರ್ತಾರ.”

‘ಅವರು’ ಎಂದರೆ ನಮ್ಮಪ್ಪ. ದಿನವೂ ಇದೇ ಹೊತ್ತಿಗೆ ಈ ಬುತ್ತಿ ಕಟ್ಟುವುದು ನಡೆಯುತ್ತಿತ್ತು. “ಅಜ್ಜಾರ ಈಗ ಬರ್ತಾರ್ರಿ” ಎಂದು ಮಹಾದೇವಿ ತಪ್ಪಿಸಿಕೊಳ್ಳುತ್ತಿದ್ದಳು. ಅವ್ವ ಸಂಜೆಯ ತನಕ ಹೊಸ್ತಿಲ ಮೇಲೆ ಕಾಯುತ್ತಿದ್ದಳು. ನನ್ನ ಮನೆಯಲ್ಲಿ, ನನ್ನ ಕಣ್ಣೆದುರಿಗೇ, ಇತಿಹಾಸಕ್ಕೆ ಇಂಥ ಅನ್ಯಾಯ! ಗಂಟಲು ಸರಿಮಾಡಿಕೊಂಡು ಗೋಡೆಯ ಮೇಲಿನ ಫೋಟೋ ತೋರಿಸಿದೆ.

“ಅವ್ವಾ, ಅಪ್ಪ ತೀರಿಕೊಂಡು ಹನ್ನೊಂದು ವರ್ಷ ಆತು.”

ಅವ್ವ ಫೋಟೋ ನೋಡಿದಳು. ನನ್ನನ್ನು ನೋಡಿದಳು. ಕೈಯಲ್ಲಿನ ಬುತ್ತಿ ಕೆಳಗೆ ಬಿತ್ತು.

“ನನಗ್ಯಾಕ ಯಾರೂ ಹೇಳಲಿಲ್ಲೋ! ಮನೀ ದೀಪ ಆರಿತಲ್ಲೋ ಯಪ್ಪಾ!”

ನಮ್ಮ ಕಡೆ ಸತ್ತವರ ಗುಣಗಳನ್ನು ಒಂದೊಂದಾಗಿ ಹಾಡಿಕೊಂಡು ಅಳುತ್ತಾರೆ. ಅವ್ವನಿಗೆ ಇವತ್ತಿನ ವಾರ ನೆನಪಿಲ್ಲ, ಆ ಹಾಡು ಮಾತ್ರ ಒಂದಕ್ಷರ ತಪ್ಪಲಿಲ್ಲ. ನಾನು ಗಾಬರಿಯಾಗಿ, ಚಹಾ ಕುಡಿದರೆ ಸಮಾಧಾನವಾದೀತೆಂದು ಒಳಗೆ ಓಡಿದೆ.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಆ ದನಿ ಕಿವಿಗೆ ಬಿದ್ದರೆ ನಮ್ಮ ಓಣಿಯಲ್ಲಿ ಯಾರು ಹೋದರೆಂದು ಯಾರೂ ಕೇಳುವುದಿಲ್ಲ. ಮೊದಲು ಬಂದು ಕೂತು ಅಳುತ್ತಾರೆ. ವಿಚಾರಣೆ ಆಮೇಲೆ. ನಾನು ಚಹಾ ಹಿಡಿದು ಹೊರಗೆ ಬರುವಷ್ಟರಲ್ಲಿ ಪಡಸಾಲೆ ತುಂಬಿತ್ತು. ಬಾಜೂ ಮನೆಯ ಗಂಗವ್ವ ಎದೆ ಬಡಿದುಕೊಂಡು, “ಎಂಥಾ ಮಾಸ್ತರ ಇದ್ನಲ್ಲೋ!” ಎಂದು ಅಳುತ್ತಿದ್ದಳು. ನನ್ನನ್ನು ಕಂಡದ್ದೇ ಕಿಟಾರನೆ ಕಿರುಚಿದಳು. ಭಜನಿ ಮೇಳದ ಬಸಪ್ಪ ಆಗಲೇ ತಾಳ ಹಿಡಿದುಕೊಂಡು ಬಂದು ನಿಂತಿದ್ದ.

“ಮಾಸ್ತರ, ನೀವ ಅದೀರೇನ್ರಿ?”

“ಸದ್ಯಕ್ಕ ಅದೀನಿ.”

ಅವನ ಮುಖದಲ್ಲಿ ಸಂತೋಷ ಕಂಡಿತು. ಆದರೆ ಸ್ವಲ್ಪ ತಡವಾಗಿ ಕಂಡಿತು!

ಇಷ್ಟು ಜನರನ್ನು ನೋಡಿ ಅವ್ವನ ಅಳು ನಿಂತಿತ್ತು. ತಾನೇಕೆ ಅಳುತ್ತಿದ್ದೆ ಎಂಬುದೇ ಅವಳಿಗೆ ಮರೆತುಹೋಗಿತ್ತು. ಸೆರಗು ಸರಿಮಾಡಿಕೊಂಡು ಎಲ್ಲರಿಗೂ “ಬರ್ರಿ, ಕುಂದರ್ರಿ” ಎಂದಳು. ಆಮೇಲೆ ನನ್ನ ಕಡೆ ತಿರುಗಿ, “ಮಂದಿ ಬಂದಾರ, ಅವರೆಲ್ಲಿ ಹೋದ್ರು? ಹೊಲದಿಂದ ಇನ್ನೂ ಬಂದಿಲ್ಲೇನು?” ಎಂದು ಕೇಳಿದಳು.

ಇಪ್ಪತ್ತು ಜನರ ಎದುರಿಗೆ ಇತಿಹಾಸದ ಮಾಸ್ತರನಿಗೆ ಪ್ರಶ್ನೆ! ಬಾಯಿ ತಡೆಯಲಿಲ್ಲ.

“ಅವ್ವಾ, ಅಪ್ಪ ತೀರಿಕೊಂಡು ಹನ್ನೊಂದು ವರ್ಷ...”

ಎರಡನೇ ಸಲದ ಅಳುವಿನ ನಡುವೆ ಸುಮಿತ್ರಾ ಬಂದಳು. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿ, ಚೀಲ ಬೀದಿಯಲ್ಲೇ ಬಿಸಾಕಿ ಓಡಿಬಂದಿದ್ದಳು. ನಡೆದದ್ದು ತಿಳಿದ ಮೇಲೆ ಒಂದೇ ಮಾತು ಹೇಳಿದಳು. “ಮಾವನ್ನ ಒಂದ ಸಲ ಕಳಕೊಂಡದ್ದು ಸಾಲಲಿಲ್ಲೇನ್ರಿ ಅತ್ತಿಗಿ?”

ಬುದ್ಧಿವಂತನಾದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ವಿಧಾನ ಬದಲಿಸಿದೆ! ಬಾಯಿಮಾತಿನಲ್ಲಿ ಹೇಳಿದರೆ ಮರೆಯುತ್ತಾಳೆ, ಬರೆದಿಟ್ಟರೆ ಉಳಿಯುತ್ತದೆ ಎಂದು ತೀರ್ಮಾನಿಸಿ, ಮರುದಿನ ಅವಳ ಮಂಚದ ಎದುರಿಗೆ ಕರಿಹಲಗೆ ತೂಗುಹಾಕಿದೆ. ದುಂಡಗಿನ ಅಕ್ಷರದಲ್ಲಿ ಬರೆದೆ: “ಅಪ್ಪ ತೀರಿಕೊಂಡಿದ್ದಾರೆ. ಹೊಲಕ್ಕೆ ಹೋಗಬಾರದು. ಅಳಬಾರದು.”

ಅವ್ವ ನಾಲ್ಕನೆಯ ಇಯತ್ತೆ ಓದಿದವಳು. ಹಲಗೆಯ ಕಡೆ ಕಣ್ಣು ಹೋದಾಗಲೆಲ್ಲ ಓದಿದಳು. ಓದಿದಾಗಲೆಲ್ಲ ಆ ಸುದ್ದಿ ಅವಳಿಗೆ ಹೊಸದು. ಈಗ ಹಾಡಿ ಅಳಲಿಲ್ಲ, ಅಳಬಾರದೆಂದು ಬರೆದಿತ್ತಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ಊಟಕ್ಕೆ ಕರೆದರೆ ತಲೆ ಅಲ್ಲಾಡಿಸಿದಳು. ಹಲಗೆ ತೆಗೆದೆ, ಆದರೂ ಏಳಲಿಲ್ಲ. ಮೂರನೆಯ ದಿನ ನಾನು ಕೋಣೆಯೊಳಗೆ ಕಾಲಿಟ್ಟರೆ ಕೌದಿಯನ್ನು ಮುಖದ ಮೇಲೆ ಎಳೆದುಕೊಂಡಳು. ತುತ್ತು ಅನ್ನ ಇಳಿದಿರಲಿಲ್ಲ. ನನಗೆ ನಿಜವಾಗಿಯೂ ಭಯವಾಯಿತು. ತಟ್ಟೆ ಹಿಡಿದು ಪಡಸಾಲೆಯಲ್ಲಿ ಕೂತು, ಅರವತ್ತೆರಡರ ಗಂಡಸು, ಅತ್ತುಬಿಟ್ಟೆ.

ಆ ಸಂಜೆ ಮಹಾದೇವಿ ಕುಂದಗೋಳದಿಂದ ನೇರ ನಮ್ಮ ಮನೆಗೇ ಬಂದಳು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಆಕೆ ಬಯ್ಯಲಿಲ್ಲ. ತಟ್ಟೆ ತೆಗೆದುಕೊಂಡು ಒಳಗೆ ಹೋಗಿ ಮಂಚದ ಬದಿ ನೆಲದ ಮೇಲೆ ಕೂತಳು. ನಾನು ಬಾಗಿಲ ಮರೆಯಲ್ಲಿ ನಿಂತೆ.

“ಆ ಮಾಸ್ತರ ಹೋದನೇನು?” ಅವ್ವನ ದನಿ ಸಣ್ಣದಾಗಿ ಕೇಳಿತು. “ಅಂವಾ ಬಂದಾಗೊಮ್ಮೆ ಸಾವಿನ ಸುದ್ದೀನ ತರ್ತಾನ.”

“ಹೋದರ್ರಿ ಆಯಿ. ಅಜ್ಜಾರ ನೆನಪ ಭಾಳ ಆಗೈತೇನ್ರಿ?”

“ಹೂಂನವ್ವಾ.”

“ಅಜ್ಜಾರಿಗೆ ಏನ ಸೇರ್ತಿತ್ರಿ?”

ಅವ್ವ ಕೌದಿ ಸರಿಸಿದಳು. ಪುಂಡಿಪಲ್ಯ ಸೇರುತ್ತಿತ್ತಂತೆ. ಉಳ್ಳಾಗಡ್ಡಿಯನ್ನು ಮೊಣಕಾಲ ಮೇಲಿಟ್ಟು ಗುದ್ದಿ ಒಡೆಯುತ್ತಿದ್ದನಂತೆ. ಹೇಳುತ್ತ ಹೇಳುತ್ತ ಎದ್ದು ಕೂತಳು. ಹೇಳುತ್ತಲೇ ಒಂದು ರೊಟ್ಟಿ ತಿಂದು ಮುಗಿಸಿದಳು.

“ಸರ,” ಎಂದಳು ಮಹಾದೇವಿ ಹೊರಗೆ ಬಂದು, “ಮಾತ ಮರೀತಾರ್ರಿ, ಆದ್ರ ಆದ ಸಂಕಟ ಒಳಗ ಉಳೀತೈತಂತ. ನಾನೂ ‘ಈಗ ಬರ್ತಾರ’ ಅಂತ ಹೇಳಿ ಕಾಯಸ್ತಿದ್ದೆ, ಅದೂ ತಪ್ಪಂತ್ರಿ. ತಿದ್ದಬಾರದು, ನೆಪಾನೂ ಹೇಳಬಾರದು. ಅವರ ಮನಸ್ಸಿನ ಬಾಜೂ ಕುಂದರಬೇಕು.”

“ನನಗೂ ಕಲಸ್ತಿಯೇನವಾ?” ಎಂದೆ. ಮೂವತ್ತೊಂದು ವರ್ಷದ ಮಾಸ್ತರಿಕೆ ಅಲ್ಲಿಗೆ ಮುಗಿಯಿತು.

ಒಂದು ವಾರ ಕಲಿತು ಪರೀಕ್ಷೆಗೆ ಕೂತೆ. ಮಧ್ಯಾಹ್ನ ಅವ್ವ ಬುತ್ತಿ ಹಿಡಿದು ಬಾಗಿಲಿಗೆ ಬಂದಾಗ ‘ಹನ್ನೊಂದು ವರ್ಷ’ ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡೆ. “ಅಪ್ಪ ಉಳ್ಳಾಗಡ್ಡಿ ಹೆಂಗ ಒಡೀತಿದ್ದ ಬೇ?” ಎಂದು ಕೇಳಿದೆ. ಅವ್ವ ಹೊಸ್ತಿಲ ಮೇಲೆ ಕೂತು ಗುದ್ದಿ ತೋರಿಸಿದಳು. ಬುತ್ತಿ ಬಿಚ್ಚಿ ತಾನೂ ತಿಂದಳು, ನನ್ನ ಕೈಗೂ ರೊಟ್ಟಿ ಮುರಿದಿಟ್ಟಳು. ಆಮೇಲೆ ನನ್ನ ಮುಖ ದಿಟ್ಟಿಸಿದಳು.

“ನೀ ಭಾಳ ಛಲೋ ಮನಷ್ಯಾ ಅದೀಪಾ. ಇಲ್ಲೊಬ್ಬ ಮಾಸ್ತರ ಬರ್ತಿದ್ದ, ಅಂವನ್ನ ಮಾತ್ರ ಒಳಗ ಬಿಡಬ್ಯಾಡ.”

“ಇಲ್ಲವ್ವಾ, ಬಿಡೂದಿಲ್ಲ,” ಎಂದು ಮಾತು ಕೊಟ್ಟೆ.

ಅಂದಿನಿಂದ ಅವನನ್ನು ತಡೆಯುವುದೇ ನನ್ನ ಉದ್ಯೋಗ. ದಿನಕ್ಕೆ ಎರಡು ಸಲವಾದರೂ ನುಗ್ಗಲು ನೋಡುತ್ತಾನೆ!